ಹೊಳೆಗೆ ಬಿಟ್ಟ ಹೆಸರು

ಸತ್ತ ಮಗು ಮತ್ತೆ ಪರದೆಯ ಮೇಲೆ ಬಂದಾಗ ಟಿಟಿಕ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದುಬಿಟ್ಟಳು.

"ನನ್ ಕೈಲಾಗಲ್ಲ, ಬು ನಿಕೆನ್. ನಾನು ಕೇಳಿದ್ದು ವೆನಿಂಗ್ ಬಗ್ಗೆ. ಇದು ನೋಡಿದ್ರೆ ಮತ್ತೆ ಅದೇ ಮಗೂನ ಕರ್ಕೊಂಡ್ಬಂದು ಮುಂದೆ ನಿಲ್ಲಿಸ್ತಿದೆ."

"ಕೂತ್ಕೋ ಟಿಟಿಕ್. ಯಂತ್ರಕ್ಕೆಲ್ಲ ದೆವ್ವ ಮೆಟ್ಕೊಳಲ್ಲ," ಎಂದೆ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಬು ಎನ್ನುತ್ತಾರೆ, ಅಮ್ಮಾ ಎಂದಂತೆ.

"ನಿಮಗೇನು, ಹೇಳ್ತೀರ. ನೀವು ಮೇಲೆ ನಿಮ್ಮ ಕೋಣೇಲಿ ಇರ್ತೀರ. ಇಲ್ಲಿ ಇದರ ಮುಖ ನೋಡ್ಕೊಂಡು ಕೂರೋಳು ನಾನು."

ಅವಳ ಕಂಪ್ಯೂಟರಿನ ಪಕ್ಕ ಬಾಳೆಎಲೆಯ ದೊನ್ನೆಯೊಂದಿತ್ತು. ಅದರಲ್ಲಿ ಗುಲಾಬಿ ಎಸಳು, ಮಲ್ಲಿಗೆ, ಬಿಳಿ ಸಂಪಿಗೆ. ಗೋರಿಗೆ ಹಾಕುವ ಹೂವು. ಯಾರು ಇಟ್ಟರೆಂದು ಕೇಳಿದರೆ ಇಡೀ ವಿಭಾಗವೇ ಸೂರು ನೋಡುತ್ತಿತ್ತು. ನಾನೂ ತೆಗೆಸಲು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು.

ಕಳೆದ ವಾರ ವೆನಿಂಗ್ ಎಂಬ ಶಾಲಾ ಶಿಕ್ಷಕಿ ಜ್ವರವೆಂದು ನಮ್ಮ ಕಾಲಿ ಬೆನಿಂಗ್ ಆಸ್ಪತ್ರೆಗೆ ನಡೆದುಕೊಂಡೇ ಬಂದು, ಡಾಕ್ಟರ್ ದಾಮಾರ್ ಕೊಟ್ಟ ಒಂದು ಪೆನಿಸಿಲಿನ್ ಚುಚ್ಚುಮದ್ದಿಗೆ ಗಂಟಲು ಊದಿಕೊಂಡು ಅವನ ಕಣ್ಣೆದುರೇ ಸತ್ತಿದ್ದಳು.

ಹಿಂದೊಮ್ಮೆ ಅವರಿಬ್ಬರಿಗೂ ಮದುವೆಯ ಮಾತಾಗಿ ಮುರಿದಿತ್ತೆಂಬುದು ಇನ್ಸ್‌ಪೆಕ್ಟರ್ ಸುರೋತೊಗೆ ನಿನ್ನೆ ಗೊತ್ತಾಗಿತ್ತು. ದಾಮಾರ್ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೂ. ನಾಳೆ ಬೆಳಗ್ಗೆ ಅವನನ್ನು ಬಂಧಿಸುವುದು ಖಂಡಿತ ಎಂದಿದ್ದರು ಸುರೋತೊ. ಅಷ್ಟರೊಳಗೆ ಅವನದು ತಪ್ಪಿಲ್ಲವೆಂದು ತೋರಿಸಬೇಕಾದವಳು ನಾನು.

ಅವನು ನನ್ನ ಶಿಷ್ಯ. ಒಡಹುಟ್ಟಿದ ತಮ್ಮನಿದ್ದರೂ ನಾನು ಅವನನ್ನು ಹೀಗೆ ನಂಬುತ್ತಿರಲಿಲ್ಲವೇನೋ.

ರೋಗಿಯ ಕಡತವೆಂದರೆ ಮನೆಯ ಅಟ್ಟ ಇದ್ದಂತೆ. ಎಲ್ಲವೂ ಇರುತ್ತದೆ, ಬೇಕಾದದ್ದು ಮಾತ್ರ ಬೇಕಾದಾಗ ಕೈಗೆ ಸಿಗುವುದಿಲ್ಲ. ತುರ್ತು ವಿಭಾಗದ ವೈದ್ಯರಿಗೋ ಅಟ್ಟ ಹತ್ತುವಷ್ಟು ಪುರುಸೊತ್ತು ಇರುವುದಿಲ್ಲ. ಅದಕ್ಕೆಂದೇ ನಾನು ಸ್ಟೆತಾಸ್ಕೋಪು ಕೆಳಗಿಟ್ಟು ಈ ಶೋಧ ವಿಭಾಗ ಕಟ್ಟಿದ್ದು. ಈಕೆಗೆ ಯಾವ ಮದ್ದು ಒಗ್ಗುವುದಿಲ್ಲ, ಹಿಂದೆ ಹೀಗೆ ಆಗಿತ್ತೇ ಎಂದು ವೈದ್ಯರು ಸುಮ್ಮನೆ ಆಡುಮಾತಿನಲ್ಲಿ ಕೇಳಿದರೆ ಸಾಕು. ಯಂತ್ರ ಇರುವ ಕಾಗದವನ್ನೆಲ್ಲ ಜಾಲಾಡಿ ಬೇಕಾದ ಎರಡು ಸಾಲು ಎತ್ತಿಕೊಡುತ್ತದೆ. ನರ್ಸ್‌ಗಳು ಅದನ್ನು ಗೊಲೆಕ್ ಎಂದು ಕರೆಯುತ್ತಾರೆ. ಹುಡುಕುವುದೇ ಅದರ ಕೆಲಸವಾದ್ದರಿಂದ ಆ ಹೆಸರು.

ಆ ದಿನ ದಾಮಾರ್ ಗೊಲೆಕ್‌ನನ್ನು ಕೇಳಿದ್ದ. ವೆನಿಂಗ್‌ಗೆ ಒಗ್ಗದ ಮದ್ದು ಯಾವುದೂ ಇಲ್ಲ ಎಂದು ಅದು ಉತ್ತರ ಕೊಟ್ಟಿತ್ತು. ಈಗ ಅವಳು ಸತ್ತ ಮೇಲೆ, ಅವಳ ಊರು, ಅವಳ ಲಕ್ಷಣ ಹೇಳಿ ಕೇಳಿದಾಗಲೆಲ್ಲ ಬೇರೊಂದೇ ಕಡತ ತಂದಿಡುತ್ತಿದೆ.

ನಾನು ಟಿಟಿಕ್‌ಳ ಕುರ್ಚಿಯಲ್ಲಿ ಕುಳಿತು ಇನ್ನೊಮ್ಮೆ ಓದಿದೆ.

ಮಹೇಶ್ವರಿ ಕುಸುಮನಿಂಗ್ರತ್. ಹೆಣ್ಣು. ವಯಸ್ಸು ಐದು. ಲಾವೆಯಾನ್ ಬಡಾವಣೆ. ಪೆನಿಸಿಲಿನ್ ಚುಚ್ಚಿದ ಕೂಡಲೇ ಗಂಟಲು ಊದಿ ಉಸಿರು ಕಟ್ಟಿತು, ಕಷ್ಟದಲ್ಲಿ ಉಳಿಯಿತು. ಈ ಜಾತಿಯ ಮದ್ದು ಮುಂದೆಂದೂ ಕೊಡಕೂಡದು.

ಅದರ ಕೆಳಗೆ ಬೇರೆ ಶಾಯಿಯಲ್ಲಿ ಒಂದೇ ಪದ: ಮರಣ.

ಇಪ್ಪತ್ತೆರಡು ವರ್ಷದ ಹಿಂದಿನ ಕಾಗದ. ಇಂಥ ಹಳೆಯವನ್ನೆಲ್ಲ ಹೋದ ತಿಂಗಳಷ್ಟೇ ಯಂತ್ರಕ್ಕೆ ಏರಿಸಿದ್ದೆವು. ಏನಾಗಿ ಸತ್ತಳೆಂದು ಅದರಲ್ಲಿರಲಿಲ್ಲ. ನೋಡಿದ ವೈದ್ಯರ ಸಹಿ ಇರಲಿಲ್ಲ. ನಾನು ಇಷ್ಟು ವರ್ಷ ಸಾವಿನ ಕಾಗದ ಓದಿದ್ದೇನೆ; ಕಾರಣವೇ ಇಲ್ಲದೆ ಸತ್ತವರನ್ನು ನಾನು ಕಂಡಿಲ್ಲ.

"ಟಿಟಿಕ್, ಈ ಮಗು ರಕ್ತದ ಗುಂಪು ನೋಡು. ಈಗ ವೆನಿಂಗ್‌ದು ನೋಡು."

ಅವಳು ನನ್ನ ಹೆಗಲ ಮೇಲಿಂದ ಬಗ್ಗಿದಳು. ಎರಡೂ ಒಂದೇ. ಅದೂ ನಮ್ಮ ಸೋಲೋ ಪಟ್ಟಣದಲ್ಲೆಲ್ಲ ಹುಡುಕಿದರೂ ಬೆರಳೆಣಿಕೆಯಷ್ಟು ಜನರಿಗೆ ಇರುವ ಗುಂಪು.

"ಬಲಗಾಲು ನೋಡು. ಕಾದ ಮೇಣ ಬಿದ್ದ ಗುರುತು, ಕಿರುಬೆರಳಿಂದ ಹಿಮ್ಮಡಿ ತನಕ. ವೆನಿಂಗ್‌ಳ ಶವಪರೀಕ್ಷೇಲಿ ಏನಂತ ಬರ್ದಿದಾರೆ?"

ಟಿಟಿಕ್ ಓದಲಿಲ್ಲ. ದೊನ್ನೆಯಿಂದ ಒಂದು ಸಂಪಿಗೆ ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡಳು. ಲಾವೆಯಾನ್‌ನಲ್ಲಿ ಬಾಟಿಕ್ ಮೇಣದ ಬಾಣಲೆ ಇಲ್ಲದ ಮನೆ ಕಡಿಮೆ, ಸುಟ್ಟ ಕಾಲುಗಳೂ ಬೇಕಾದಷ್ಟಿವೆ. ಆದರೆ ಅದೇ ಕಾಲು, ಅದೇ ಜಾಗ, ಅದೇ ರಕ್ತ!

"ಸತ್ತ ಮಗು ಬೆಳ್ದು ಟೀಚರಾಗಿ, ಇಲ್ಲಿಗೇ ಬಂದು ಇನ್ನೊಂದ್ಸಲ ಸತ್ತಿತಾ ಬು?" ಅವಳ ದನಿ ಪಿಸುಗುಟ್ಟುವಷ್ಟು ಇಳಿದಿತ್ತು.

ತೋಳಿನ ಮೇಲೆ ಮುಳ್ಳೆದ್ದದ್ದನ್ನು ಅವಳು ನೋಡದಿರಲೆಂದು ಕೈ ಕಟ್ಟಿಕೊಂಡೆ.

ಮೇಲೆ ನನ್ನ ಕೋಣೆಯಲ್ಲಿ ದಾಮಾರ್ ಕಿಟಕಿಯ ಪಕ್ಕ ಕುಳಿತಿದ್ದ. ನಾನು ತರಿಸಿಕೊಟ್ಟ ತೆಂಗಿನಹಾಲಿನ ಅನ್ನ ಹಾಗೇ ತಣ್ಣಗಾಗಿತ್ತು. ಗಡ್ಡ ಬೆಳೆದಿತ್ತು. ಹೊರಗೆ ಪತ್ರಿಕೆಯವರು ಠಳಾಯಿಸುತ್ತಿದ್ದರು. ಅವರ ಕೈಗೆ ಸಿಗಬಾರದೆಂದು ನಾನೇ ಅವನನ್ನು ಇಲ್ಲಿ ಕೂರಿಸಿದ್ದೆ.

"ಒಂದು ತುತ್ತಾದ್ರೂ ತಿನ್ನೋ. ಹಸ್ಕೊಂಡು ಕೂತ್ರೆ ಸುರೋತೊ ಕನಿಕರ ಪಡ್ತಾರೆ ಅನ್ಕೊಂಡ್ಯಾ?"

"ಗಂಟಲಲ್ಲಿ ಇಳಿಯಲ್ಲ ಬು." ಆಮೇಲೆ ನನ್ನ ಮುಖ ನೋಡಿ ಕೇಳಿದ, "ಗೊಲೆಕ್ ಏನಾದ್ರೂ ಹೇಳ್ತಾ?"

"ಹೇಳ್ತಿದೆ. ಅದ್ಯಾವುದೋ ಸತ್ತ ಮಗೂನ ತಂದು ತೋರಿಸ್ತಿದೆ. ಅದಕ್ಕೂ ವೆನಿಂಗ್‌ಗೂ ಏನೋ ನಂಟಿದೆ. ಅವಳ ಅಜ್ಜೀನ ಕೇಳ್ಕೊಂಡು ಬರ್ತೀನಿ."

ಅವನು ಚಹಾದ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ.

"ಎಂದೋ ಸತ್ತೋದ ಪುಟ್ಟ ಹುಡುಗೀನ ಯಾಕೆ ಬು ಕೆದಕ್ತೀರ? ಆ ಮುದುಕಿ ಮೊದಲೇ ನೊಂದಿದಾರೆ. ಬಿಡಿ. ನನ್ನ ಹಣೇಲಿ ಬರ್ದಿದ್ದಾಗ್ಲಿ."

"ಹಣೆಬರಹ ಅಂತ ಕೂರೋನಿಗೆ ವೈದ್ಯಶಾಸ್ತ್ರ ಯಾಕೆ ಓದಿಸಿದ್ರೋ ನಿಮ್ಮಪ್ಪ? ಸುಮ್ನೆ ಇರು."

ನನಗೆ ಅಳು ಬರುವಂತಾಯಿತು. ತನ್ನ ಕತ್ತಿನ ಮೇಲೆ ಕತ್ತಿ ತೂಗುತ್ತಿರುವಾಗಲೂ ಇನ್ನೊಬ್ಬರ ನೋವಿನ ಯೋಚನೆ ಇವನಿಗೆ! ಬೇಜಾರಾದರೆ ಹಾಡು ಕೇಳಲಿ ಎಂದು ನನ್ನ ಕಂಪ್ಯೂಟರು ಹಚ್ಚಿಕೊಟ್ಟೆ. ಅವನನ್ನೇ ಕೇಳಿ ಹೊರಗಿನಿಂದ ಬೀಗ ಹಾಕಿದೆ. ಆ ಬಾಗಿಲಿಗೆ ಇರುವುದು ಒಂದೇ ಕೀಲಿಕೈ. ಅದನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ.

ಸುರೋತೊ ಜೀಪಿಗೆ ಒರಗಿ ಲವಂಗದ ಸಿಗರೇಟು ಸೇದುತ್ತಿದ್ದರು. ಪೊಲೀಸರಲ್ಲಿ ಅಷ್ಟು ನಿಧಾನವಾಗಿ ಮಾತಾಡುವವರನ್ನೂ, ಅಷ್ಟು ಬೇಗ ಅನುಮಾನಿಸುವವರನ್ನೂ ನಾನು ಬೇರೆ ಕಂಡಿಲ್ಲ.

"ಬೀಗ ಹಾಕ್ಬಂದ್ರಂತೆ? ಅವನನ್ನ ಊರಿಂದ ಕಾಪಾಡಕ್ಕೋ, ನನ್ನಿಂದ ಬಚ್ಚಿಡಕ್ಕೋ ಬು ಡಾಕ್ಟರ್?"

"ನಿಮ್ಮ ಬಾಯಿಂದ ಕಾಪಾಡಕ್ಕೆ, ಪಾಕ್ ಸುರೋತೊ. ಗಾಡಿ ತೆಗೀರಿ."

ಲಾವೆಯಾನ್‌ನ ಓಣಿಗಳಲ್ಲಿ ಎರಡೂ ಬದಿಗೆ ಎತ್ತರದ ಬಿಳಿ ಗೋಡೆ. ನಡುಮಧ್ಯಾಹ್ನದಲ್ಲೂ ಅಲ್ಲಿ ಬಿಸಿಲು ನೆಲ ಮುಟ್ಟುವುದಿಲ್ಲ. ವೆನಿಂಗ್‌ಳ ಮನೆಯ ಬಾಗಿಲು ತೆರೆದೇ ಇತ್ತು. ನಾಳೆ ಅವಳ ಏಳನೆಯ ದಿನ. ಏಳನೆಯ ದಿನದ ತನಕ ಹೋದವರು ಮನೆಯಂಗಳ ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಅಂಗಳದ ಮೂಲೆಯಲ್ಲಿ ಅವಳ ಚಪ್ಪಲಿ ಜೋಡಿ ಹಾಗೇ ಇತ್ತು. ನಾನು ಅದನ್ನು ಬಳಸಿಕೊಂಡು ಒಳಗೆ ಹೋದೆ.

ಅಜ್ಜಿ ಸುಮಿರಾ, ಊರಿಗೆಲ್ಲ ಏಯಾಂಗ್, ಒಲೆಯ ಮುಂದೆ ಕುಳಿತು ನಾಳೆಯ ಪ್ರಾರ್ಥನೆಗೆ ಬರುವವರಿಗಾಗಿ ಅಪೆಮ್ ಹುಯ್ಯುತ್ತಿದ್ದರು. ಹುದುಗಿದ ಅಕ್ಕಿಹಿಟ್ಟಿನ ವಾಸನೆ. ಹೆಗಲ ಮೇಲೆ ಮೊಮ್ಮಗಳ ಹಳೆಯ ದುಪಟ್ಟಾ.

"ಕೂತ್ಕೊಳ್ಳಿ. ಪೊಲೀಸಿನೋರು ಬೂಟು ಹೊರಗೆ ಬಿಟ್ರಾ?"

"ಬಿಟ್ಟಿದೀನಿ ಏಯಾಂಗ್," ಎಂದರು ಸುರೋತೊ, ಶಾಲೆಯ ಹುಡುಗನಂತೆ.

ನಾನು ಸುತ್ತಿಬಳಸಲಿಲ್ಲ. "ಏಯಾಂಗ್, ಮಹೇಶ್ವರಿ ಯಾರು?"

ಕೈಯಲ್ಲಿದ್ದ ಸೌಟು ನಿಂತಿತು. ಬಾಣಲೆಯಲ್ಲಿದ್ದ ಅಪೆಮ್ ಸೀದು ಹೊಗೆಯಾಡಿದರೂ ಅವರು ನೋಡಲಿಲ್ಲ.

"ಆ ಹೆಸರು ಈ ಮನೇಲಿ ಹೇಳ್ಬೇಡ ಮಗಳೇ."

"ಯಾಕೆ?"

"ಹೇಳ್ಬೇಡ ಅಂದೆ."

"ನಾನು ಹೇಳದಿದ್ರೆ ನಾಳೆ ಒಬ್ಬ ಹುಡುಗನ್ನ ಜೈಲಿಗೆ ಹಾಕ್ತಾರೆ. ನಿಮ್ಮ ವೆನಿಂಗ್ ಯಾಕೆ ಸತ್ಲು ಅಂತ ಯಾರಿಗೂ ಗೊತ್ತಾಗಲ್ಲ. ಮಹೇಶ್ವರಿ ಕುಸುಮ..."

"ಸಾಕು!" ಅಜ್ಜಿ ಸೌಟನ್ನು ನೆಲಕ್ಕೆ ಕುಕ್ಕಿದರು. "ಡಾಕ್ಟರಂತೆ ಡಾಕ್ಟರು. ಅಂಗಳದಲ್ಲಿ ಅವಳಿನ್ನೂ ಇದಾಳೆ. ಕೇಳಿಸ್ಕೊಂಡ್ರೆ?"

ಸುರೋತೊ ಬಾಗಿಲಿನತ್ತ ತಿರುಗಿ ನೋಡಿದರು. ನಾನೂ ನೋಡಿದೆ. ಚಪ್ಪಲಿ ಮಾತ್ರ ಇತ್ತು.

"ಕೇಳಿಸ್ಕೊಳ್ಳಲಿ ಏಯಾಂಗ್," ಎಂದೆ. "ಅವಳಿಗೆ ಅವಳ ಹೆಸರು ಗೊತ್ತಿರಬೇಕಿತ್ತು."

ಅಜ್ಜಿ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದರು. ಸುಕ್ಕುಗಟ್ಟಿದ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನನ್ನ ಮಗನಿಗೆ ಹುಚ್ಚು. ಮೇಣ ಕಾಯ್ಸೋರ ಮನೆ ಕೂಸಿಗೆ ಅರಮನೆ ಹೆಸರಿಟ್ಟ. ಬೇಡ್ವೋ, ನಮ್ಮ ಯೋಗ್ಯತೆಗೆ ಭಾರ ಆಯ್ತದೆ ಅಂದೆ. ಕೇಳಲಿಲ್ಲ. ಹುಟ್ಟಿದಾಗಿಂದ ಒಂದು ದಿನ ನೆಟ್ಟಗಿರಲಿಲ್ಲ ಅದು. ಇವತ್ತು ಜ್ವರ, ನಾಳೆ ಕೆಮ್ಮು. ಕಾಲಿಗೆ ಮೇಣ ಬಿತ್ತು. ಆಮೇಲೆ ನಿಮ್ಮ ಆಸ್ಪತ್ರೇಲಿ ಸೂಜಿ ಚುಚ್ಚಿ, ಉಸಿರೇ ನಿಂತೋಗಿತ್ತು. ಹೆಸರಿನ ಭಾರ ತಡೀಲಾರದೆ ಕೂಸು ಕುಸೀತಿದೆ ಅಂತ ಊರಿಗೆಲ್ಲ ಕಾಣ್ತಿತ್ತು, ಅವನಿಗೊಬ್ಬನಿಗೆ ಕಾಣ್ತಿರಲಿಲ್ಲ."

"ಹೆಸರು ಬದಲಾಯಿಸಿದ್ರಾ?"

"ಬರೀ ಬದಲಾಯ್ಸಿದ್ರೆ ಕಾಯಿಲೆ ಹುಡುಕ್ಕೊಂಡು ಬರಲ್ವಾ? ಸಾಯಿಸ್ಬೇಕಿತ್ತು. ಕೆಂಪು ಗಂಜಿ, ಬಿಳಿ ಗಂಜಿ ಮಾಡಿ ನಾಲ್ಕು ಮನೆಗೆ ಹಂಚಿ, ಕೂಸಿನ ಹಳೇ ಅಂಗಿಯೊಳಗೆ ಹೂವಿಟ್ಟು ಬೆಂಗಾವಾನ್ ಹೊಳೆಗೆ ಬಿಟ್ವಿ, ಹೆಸರೂ ಅದರ ಜೊತೆ ಹೋಯ್ತು. ಮನೆಗೆ ಬರುವಾಗ ಅದು ವೆನಿಂಗ್. ಹಗುರವಾದ ಹೆಸರು, ತಿಳಿನೀರಿನ ಹಾಗೆ. ಆಮೇಲೆ ನಾನೇ ಆಸ್ಪತ್ರೆಗೆ ಬಂದು ಆ ಹೆಸರಿನ ಕಾಗದ ಮುಚ್ಚಿಬಿಡಿ, ಸತ್ತೋಯ್ತು ಅಂತಲೇ ಬರೀರಿ ಅಂತ ಕಾಲು ಹಿಡ್ಕೊಂಡೆ. ಅಲ್ಲಿದ್ದೋನು ನಮ್ಮ ಕಡೆಯೋನೇ. ಅರ್ಥ ಮಾಡ್ಕೊಂಡು ಬರ್ಕೊಟ್ಟ."

ಅರ್ಥ ಮಾಡಿಕೊಂಡು ಬರೆದುಕೊಟ್ಟ! ಬೇರೆ ಯಾವ ಊರಿನಲ್ಲಾದರೂ ಆ ಗುಮಾಸ್ತ ನಕ್ಕು ಕಳಿಸುತ್ತಿದ್ದ. ನಮ್ಮೂರಿನವನಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಅವನ ಮನೆಯಲ್ಲೂ ಹಾಗೆ ಹೆಸರು ಹೊಳೆಗೆ ಬಿಟ್ಟ ಮಗುವೊಂದು ಇದ್ದಿರಬಹುದು.

"ಅವತ್ತಿಂದ ಅವಳಿಗೆ ಒಂದು ನೆಗಡಿ ಬರಲಿಲ್ಲ ಗೊತ್ತಾ?" ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಕಾಯಿಲೆಗೆ ದಾರಿ ತಪ್ಪಿಸ್ದೆ ಅಂತ ಇಷ್ಟು ವರ್ಷ ಬೀಗ್ತಿದ್ದೆ. ಮದ್ದಿನ ಮಾತೂ ಅದೇ ಹೊಳೇಲಿ ಹೋಯ್ತು ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ. ಅವಳಿಗೂ ಹೇಳಲಿಲ್ಲ. ಹೇಳಿದ್ರೆ ಆ ಹೆಸರು ಬಾಯಿಗೆ ಬರ್ತದಲ್ಲ? ನಾನೇ ಕೊಂದೆ ಮಗಳೇ. ಆ ಡಾಕ್ಟರು ಹುಡುಗನ್ನ ಬಿಡ್ರಿ. ನನ್ನನ್ನೇ ಕರ್ಕೊಂಡು ಹೋಗ್ರಿ."

ನಾನು ಹಿಟ್ಟು ಮೆತ್ತಿದ ಅವರ ಕೈ ಹಿಡಿದುಕೊಂಡೆ. ಇವರನ್ನು ಯಾವ ಬಾಯಿಂದ ಬಯ್ಯಲಿ? ಕೂಸು ಉಳಿಯಲೆಂದು ಮಾಡಿದ್ದು.

ಸುರೋತೊ ಕೆಮ್ಮಿದರು. "ಅಂದ್ರೆ ಇದು ಕೊಲೆ ಅಲ್ಲ, ಗ್ರಹಚಾರ. ಹಂಗಾದ್ರೆ ನಿಮ್ಮ ಶಿಷ್ಯ ಬಚಾವು ಬು ಡಾಕ್ಟರ್."

ನನಗೆ ಎದ್ದು ಕುಣಿಯುವಷ್ಟು ಸಮಾಧಾನವಾಯಿತು. ಆಗಲೇ ಅಜ್ಜಿ ಹೇಳಿದರು, "ಆದ್ರೆ ಹೋದ ತಿಂಗಳು ನಿಮ್ಮೋರಿಗೆ ಎಲ್ಲಾ ಹೇಳಿದ್ನಲ್ಲ? ಅವರೇನು ಮಾಡಿದ್ರು?"

"ನಮ್ಮೋರಾ? ಯಾರು?"

"ವಯಸ್ಸಾದ ಮನುಷ್ಯ. ಸಕ್ಕರೆ ಇಲ್ಲದ ಚಹಾ ಕೇಳಿ ಕುಡಿದ. ಎಡಗಿವಿ ತುದಿ ಹರಿದಿತ್ತು, ತನ್ನ ಹಕ್ಕೀನೇ ಕುಕ್ಕಿದ್ದು ಅಂತ ನಗ್ತಿದ್ದ. ಹಳೇ ಕಾಗದ ಯಂತ್ರಕ್ಕೆ ಹಾಕ್ತಿದೀವಿ ಏಯಾಂಗ್, ಆ ಮಗು, ಈ ಟೀಚರು ಒಬ್ಬರೇನಾ ಅಂತ ಕೇಳ್ದ. ಹೌದಪ್ಪ, ಹೆಸರು ಮಾತ್ರ ಜೋರಾಗಿ ಹೇಳ್ಬೇಡ ಅಂದೆ. ಎರಡನ್ನೂ ಸದ್ದಿಲ್ದೆ ಜೋಡಿಸ್ತೀನಿ, ಇನ್ಮೇಲೆ ಭಯ ಇಲ್ಲ ಅಂತ ಮಾತು ಕೊಟ್ಟು ಹೋದ."

ಪಾಕ್ ಗುನಾದಿ. ನಮ್ಮ ಹಳೆಯ ಕಡತಗಳ ಮುಖ್ಯಸ್ಥ. ಅದಾದ ಕೆಲವೇ ದಿನಗಳಲ್ಲಿ ಕಡತದ ಕೋಣೆಯ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡಿದ್ದರು. ಅವರ ಗೋರಿಗೆ ನಾನೇ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದೆ.

ನಾನು ಟಿಟಿಕ್‌ಗೆ ಫೋನು ಮಾಡಿದೆ. ಸುರೋತೊಗೂ ಕೇಳಲೆಂದು ದನಿ ಜೋರು ಮಾಡಿ ಚಾಪೆಯ ಮೇಲಿಟ್ಟೆ. ಗೊಲೆಕ್‌ನಲ್ಲಿ ಯಾರು ಯಾವ ಕಡತ ಮುಟ್ಟಿದರೂ ಗುರುತು ಉಳಿಯುತ್ತದೆ. ನಾವು ವೆನಿಂಗ್‌ಳ ಕಡತದ ಗುರುತುಗಳನ್ನೆಲ್ಲ ನೋಡಿದ್ದೆವು. ಆದರೆ ಜೋಡಿಸಿದ, ಬಿಡಿಸಿದ ಗುರುತು ಬೀಳುವುದು ಹಳೆಯ ಕಡತದ ಮೇಲೆ ಮಾತ್ರ. ಸತ್ತ ಮಗುವಿನ ಕಡತವನ್ನು ಯಾರು ಮುಟ್ಟಿದರೆಂದು ನೋಡುವ ಯೋಚನೆ ಯಾರಿಗೆ ಬಂದೀತು?

"ಟಿಟಿಕ್, ಆ ಮಗು ಕಡತ ತೆಗಿ. ಅದನ್ನ ಯಾವತ್ತಾದ್ರೂ ವೆನಿಂಗ್ ಕಡತಕ್ಕೆ ಜೋಡಿಸಿದ್ರಾ ನೋಡು."

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಮಾತ್ರ.

"ಜೋಡಿಸಿದಾರೆ ಬು. ಹೋದ ತಿಂಗಳು. ಪಾಕ್ ಗುನಾದಿ ಜೋಡಿಸಿದಾರೆ."

"ಈಗ?"

"ಬಿಡಿಸಿದಾರೆ. ವೆನಿಂಗ್ ಸತ್ತ ದಿನ ಬೆಳಗ್ಗೆ, ಅವಳು ಆಸ್ಪತ್ರೆಗೆ ಬರೋಕೆ ಮುಂಚೆ." ಅವಳ ಉಸಿರು ಫೋನಿನಲ್ಲಿ ಕೇಳಿಸಿತು. "ಬು... ಬಿಡಿಸಿದ್ದೂ ಪಾಕ್ ಗುನಾದಿನೇ."

ಒಲೆಯಲ್ಲಿ ಸೌದೆ ಸಿಡಿಯಿತು. ಅಜ್ಜಿ ಬಾಯೊಳಗೇ ಪ್ರಾರ್ಥನೆ ಹೇಳಿಕೊಳ್ಳತೊಡಗಿದರು.

"ಅಷ್ಟೊತ್ತಿಗೆ ಅವರು ಮಣ್ಣಲ್ಲಿದ್ರು," ಎಂದೆ. "ಅವರ ಹೆಸರು ಯಂತ್ರದಿಂದ ತೆಗೆದಿರಲಿಲ್ವಾ?"

ಟಿಟಿಕ್‌ಳ ದನಿಯಲ್ಲಿ ಅಳುವಿತ್ತು. "ಹೆಂಗೆ ತೆಗೀಲಿ ಬು? ನಲವತ್ತನೇ ದಿನದ ಪ್ರಾರ್ಥನೆ ಆಗಿಲ್ಲ. ಅದಕ್ಕೆ ಮುಂಚೆ ಹೆಸರು ಹೊಡೆದು ಹಾಕಿದ್ರೆ ಅವರನ್ನ ಮನೆಯಿಂದ ಓಡಿಸಿದ ಹಾಗಲ್ವಾ? ಯಾರಿಗೂ ಮನಸ್ಸಾಗಲಿಲ್ಲ."

ನನಗೂ ಮನಸ್ಸಾಗುತ್ತಿರಲಿಲ್ಲ. ಒಳಹೋಗುವ ಅವರ ಗುಟ್ಟಿನ ಪದವೋ, ಅವರ ಹಕ್ಕಿಯ ಹೆಸರು. ಮರೆತುಹೋಗುತ್ತದೆಂದು ಅವರೇ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದರು.

"ಭಲೇ ಆಸ್ಪತ್ರೆ!" ಸುರೋತೊ ತಲೆ ಕೊಡವಿದರು. "ಬದುಕಿದ್ದೋಳನ್ನ ಸಾಯಿಸಿ ಇಟ್ಟಿದೀರ, ಸತ್ತೋನನ್ನ ಬದುಕಿಸಿ ಇಟ್ಟಿದೀರ. ಏಯಾಂಗ್, ವೆನಿಂಗ್ ಅವತ್ತು ಆಸ್ಪತ್ರೆಗೆ ಬರ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ಬೆಳಗ್ಗೆ ಎದ್ದೋಳೇ ಯಾರಿಗೋ ಫೋನು ಮಾಡಿದ್ಲು. ಜ್ವರ, ಬರ್ತೀನಿ ಅಂದ್ಲು. ಯಾರಿಗೆ ಅಂತ ಕೇಳಿದ್ರೆ ಮುಖ ತಿರುಗಿಸಿದ್ಲು. ಹುಟ್ಟಿದ ದಿನ ಕೂಡಿಬರಲ್ಲ ಅಂತ ಮದುವೆ ಮುರಿದೋಳು ನಾನೇ ಅಲ್ವಾ, ನನ್ನ ಹತ್ರ ಹೇಳ್ತಾಳಾ?"

ಸುರೋತೊ ನನ್ನ ಮುಖ ನೋಡಿದರು. ನಾನು ಬಾಣಲೆ ನೋಡಿದೆ. ಜ್ವರ ಬಂದವಳು ಗೊತ್ತಿರುವ ವೈದ್ಯನಿಗೆ ಫೋನು ಮಾಡುವುದು ಅಪರಾಧವಲ್ಲ, ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಫೋನಿನಲ್ಲಿ ಟಿಟಿಕ್ ಚಿಟ್ಟನೆ ಚೀರಿದಳು.

"ಏನಾಯ್ತೇ?"

"ಬು, ಅವರು ಒಳಗಿದಾರೆ!"

"ಯಾರು?"

"ಪಾಕ್ ಗುನಾದಿ! ಅವರ ಹೆಸರಿನ ಮುಂದೆ ಹಸಿರು ದೀಪ ಬಂತು. ಈಗ, ಈಗ ಮಗು ಕಡತದಲ್ಲಿದಾರೆ. ಗುರುತುಗಳೆಲ್ಲ ಹೋಗ್ತಿವೆ ಬು, ಒಂದೊಂದೇ ಸಾಲು... ಬಿಡಿಸಿದ್ದು ಹೋಯ್ತು... ಜೋಡಿಸಿದ್ದೂ ಹೋಯ್ತು..."

"ಹೆದರ್ಬೇಡ. ಸತ್ತೋರಿಗೆ ಕೀಲಿಮಣೆ ಬೇಕಾಗಲ್ಲ. ಯಾವ ಯಂತ್ರದಿಂದ ಅಂತ ನೋಡು. ಬೇಗ."

ಆ ಕಡೆ ಕೀಲಿಮಣೆ ಟಕಟಕಿಸಿ ನಿಂತುಹೋಯಿತು.

"ಟಿಟಿಕ್!"

"ನಿಮ್ಮದ್ರಿಂದ ಬು," ಎಂದಳು ಕೊನೆಗೆ. "ಮೇಲೆ, ನಿಮ್ಮ ಕೋಣೆಯಿಂದ."

ಸುರೋತೊ ಆಗಲೇ ಎದ್ದು ನಿಂತಿದ್ದರು. ನನ್ನ ಕಿವಿಯಲ್ಲಿ ಮಾತ್ರ ಬೇರೆ ಮಾತು ಕೊರೆಯುತ್ತಿತ್ತು. ಎಂದೋ ಸತ್ತೋದ ಪುಟ್ಟ ಹುಡುಗೀನ ಯಾಕೆ ಬು ಕೆದಕ್ತೀರ. ನಾನು ಅವನಿಗೆ ಹೇಳಿದ್ದು ಮಗು ಎಂದಷ್ಟೇ. ಹುಡುಗಿ ಎಂದದ್ದು ಅವನು.

"ಕೀಲಿಕೈ ಕೊಡಿ ಬು ಡಾಕ್ಟರ್," ಎಂದು ಸುರೋತೊ ಕೈ ಚಾಚಿದರು. ಈ ಸಲ ಅವರ ದನಿಯಲ್ಲಿ ಗೇಲಿ ಇರಲಿಲ್ಲ.

ಯಾರೋ ಕದ್ದಿರಲಿ, ದಾರಿಯಲ್ಲಿ ಬಿದ್ದುಹೋಗಿರಲಿ, ಆ ಬಾಗಿಲನ್ನು ಬೇರೆ ಯಾರಾದರೂ ತೆಗೆದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತ ಕೈಚೀಲದೊಳಗೆ ಕೈ ಹಾಕಿದೆ.

ಕೀಲಿಕೈ ಅಲ್ಲೇ ಇತ್ತು.